ದೋಸೆ ಹೆಂಚಿನಿಂದ ಬಂದ ಡ್ಯಾನ್ಸರು, ಟೊಮೆಟೊ ಮಂಡಿಯಿಂದ ಬಂದ ಡ್ಯಾನ್ಸರು

ಡ್ಯಾನ್ಸ್ ಕಂಪನಿ ಅಂದ ತಕ್ಷಣ ಗೆಜ್ಜೆ, ಜಡೆಬಿಲ್ಲೆ, ಕಣ್ಣಿಗೆ ಉದ್ದಕ್ಕೆ ಕಾಡಿಗೆ ಅಂತ ಅಂದ್ಕೊಂಡು ಈ ಕೆಲಸಕ್ಕೆ ಬರ್ತಿರೋ ಮಕ್ಕಳೇ, ಮೊದಲು ಕೂತ್ಕೊಳ್ಳಿ, ಒಂದು ಲೋಟ ನೀರು ಕುಡೀರಿ. ಆಮೇಲೆ ನನ್ನ ಮಾತು ಕೇಳಿ. ಕೋಲಾರದ ನಮ್ಮ ಕಂಪನೀಲಿ ಗೆಜ್ಜೆ ಇರಲಿಲ್ಲ. ಮೊಣಕಾಲಿಗೆ ಕಟ್ಟೋ ಪ್ಯಾಡ್ ಇತ್ತು, ಹೆಬ್ಬೆರಳಿಗೆ ಸುತ್ತೋ ಪ್ಲಾಸ್ಟರ್ ಇತ್ತು, ಹಾಲ್ ತುಂಬ ನೋವಿನ ಎಣ್ಣೆ ವಾಸನೆ ಇತ್ತು. ಮತ್ತೆ ಇಡೀ ದಿನ ನಗು ಇತ್ತು. ನಕ್ಕೂ ನಕ್ಕೂ ನನಗೆ ಬೆನ್ನು ಹಿಡ್ಕೊಂಡಿದ್ದು ಅಂದ್ರೆ ನಮ್ಮ ಡಾಕ್ಟರು ಇವತ್ತಿಗೂ ನಂಬಲ್ಲ.

ನನ್ನ ಹೆಸರು ಸುಶೀಲಮ್ಮ. ಮಾಲೂರಿನ ಒಂದು ಹೈಸ್ಕೂಲಲ್ಲಿ ಪೀಟಿ ಟೀಚರ್ ಆಗಿದ್ದೋಳು. ಸಾಲು ನಿಲ್ಲಿಸೋದು, ಸೀಟಿ ಊದೋದು, ಗದರೋದು, ಇಷ್ಟೇ ನನ್ನ ವಿದ್ಯೆ. ಒಂದು ಸಲ ಕ್ರೀಡಾಕೂಟದಲ್ಲಿ ಮೈಕ್ ಕೈಕೊಟ್ಟಿತು. ನಾನು ಬರೀ ಗಂಟಲಲ್ಲೇ ಮೈದಾನದ ಆ ತುದೀಲಿದ್ದ ಮಕ್ಕಳನ್ನ ಈ ತುದಿಗೆ ಕರೆಸಿದೆ. ಕಾಂಪೌಂಡ್ ಆಚೆ ಆಟೋದಲ್ಲಿ ಹೋಗ್ತಿದ್ದ ಒಬ್ಬ ಹೆಂಗಸು ಅದನ್ನ ಕೇಳಿಸ್ಕೊಂಡು, ಆಟೋ ನಿಲ್ಲಿಸಿ, ನೇರ ನನ್ನ ಮುಂದೆ ಬಂದು ನಿಂತು, "ನನ್ನ ಹತ್ರ ಕೆಲಸಕ್ಕೆ ಬರ್ತೀರಾ?" ಅಂದರು. ಅವರೇ ಮಾಲತಿ ಮೇಡಂ, ನಮ್ಮ ಕಂಪನಿ ಕಟ್ಟಿದೋರು. ಹುಟ್ಟಿದ್ದು ಕೋಲಾರದಲ್ಲೇ, ಡ್ಯಾನ್ಸ್ ಕಲಿತಿದ್ದು ಚೆನ್ನೈಯಲ್ಲಿ, ಆಮೇಲೆ ಎಲ್ಲೆಲ್ಲೋ ಸುತ್ತಿ ವಾಪಸ್ ಬಂದಿದ್ದರು. ಕುಳ್ಳಗೆ, ಹುಡುಗರ ಥರ ಕತ್ತರಿಸಿದ ಕೂದಲು, ಮೂಗಿನ ತುದೀಲೇ ಕೋಪ. ನನಗೂ ಅದೇ ಜಾಗದಲ್ಲಿ ಕೋಪ. ಹಂಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದ್ಕೊಂತು.

ನಮ್ಮ ಕಡೆ ಕಂಪನಿ ಅಂದ್ರೆ ಫ್ಯಾಕ್ಟರಿ. ನಾನು ಸ್ಕೂಲ್ ಬಿಟ್ಟು ಕಂಪನಿ ಸೇರಿದೆ ಅಂದಿದ್ದೇ ತಡ, ನಮ್ಮ ಬೀದಿಯೋರೆಲ್ಲ ಬೆನ್ನು ಹತ್ತಿದರು. "ಬಸ್ ಎಲ್ಲಿಗೆ ಬರ್ತದೆ ಮಿಸ್ಸೇ? ಕ್ಯಾಂಟೀನ್ ಊಟ ಚೆನ್ನಾಗಿದೆಯಾ? ನಮ್ ಹುಡುಗೀಗೂ ಒಂದು ಮಾತು ಹೇಳಿ." ಡ್ಯಾನ್ಸ್ ಕಂಪನಿ ಕಣಮ್ಮ ಅಂದ್ರೆ, "ಅದ್ರಲ್ಲೇನು ತಯಾರು ಮಾಡ್ತಾರೆ?" ಅನ್ನೋರು. ಆ ಪ್ರಶ್ನೆಗೆ ಉತ್ತರ ನನಗೂ ಬಹಳ ದಿನ ಗೊತ್ತಿರಲಿಲ್ಲ.

ನನ್ನ ಹುದ್ದೆ ರಿಹರ್ಸಲ್ ಉಸ್ತುವಾರಿ. ಹೊತ್ತಿಗೆ ಸರಿಯಾಗಿ ಎಲ್ಲರನ್ನೂ ಹಾಲಿಗೆ ಸೇರಿಸೋದು, ಮೈ ಬಿಸಿ ಮಾಡಿಸೋದು, ಮೇಡಂ ಹೇಳಿದ್ದನ್ನ ಅವರ ತಲೆಗೆ ತುಂಬೋದು, ಅವರು ಬೈದು ಹೋದ ಮೇಲೆ ಅಳ್ತಿರೋರಿಗೆ ಟೀ ಕೊಡೋದು. ಹಾಲ್ ಅಂದ್ರೆ ಹಳೇ ಟೊಮೆಟೊ ಬಾಕ್ಸ್ ಇಡೋ ಗೋಡೌನು. ಎಷ್ಟು ತೊಳೆದ್ರೂ ಮೂಲೇಲಿ ಟೊಮೆಟೊ ವಾಸನೆ ಹೋಗ್ತಿರಲಿಲ್ಲ. ಎಲ್ಲರೂ ನನ್ನ ಪೀಟಿ ಮಿಸ್ ಅಂತಲೇ ಕರೀತಿದ್ರು.

ಹೊಸಬರು ಬಂದ್ರೆ ಮೇಡಂ ಯಾವ ಡ್ಯಾನ್ಸ್ ಬರ್ತದೆ ಅಂತ ಕೇಳ್ತಿರಲಿಲ್ಲ. "ಇಲ್ಲಿವರೆಗೂ ಏನು ಕೆಲಸ ಮಾಡ್ಕೊಂಡಿದ್ದೆ? ದಿನವೆಲ್ಲ ನಿನ್ನ ಮೈ ಏನು ಮಾಡ್ತಿತ್ತು?" ಅಂತ ಕೇಳೋರು. ಉತ್ತರ ಕೇಳಿ ತಲೆದೂಗಿ, "ಸರಿ, ಅದನ್ನೆಲ್ಲ ಮರೀಬೇಕು. ಚಪ್ಪಲಿ ಜೊತೆ ಕೆಲಸಾನೂ ಬಾಗಿಲ ಹೊರಗೆ ಬಿಟ್ಟು ಒಳಗೆ ಬಾ" ಅನ್ನೋರು. ಅದು ಅವರ ಮೊದಲಿನ ಪದ್ಧತಿ. ಮೈಯನ್ನ ಸ್ಲೇಟಿನ ಥರ ಒರೆಸಿ, ಆಮೇಲೆ ಅದರ ಮೇಲೆ ಬರೀಬೇಕು ಅಂತ. ಕೇಳೋಕೆ ಎಷ್ಟು ಚೆನ್ನಾಗಿದೆ ನೋಡಿ! ಒರೆಸೋ ಕೆಲಸ ನನ್ನದು. ಒರೆಸಿ ಒರೆಸಿ ನನ್ನ ಗಂಟಲು ಹೋಯ್ತೇ ಹೊರತು ಸ್ಲೇಟು ಮಾತ್ರ ಹಂಗೇ ಇತ್ತು.

ವೆಂಕಟೇಶನ ವಿಷಯ ಹೇಳ್ತೀನಿ. ಶ್ರೀನಿವಾಸಪುರ ತಾಲೂಕು ರಾಯಲ್ಪಾಡಿನೋನು, ಮನೆ ಮಾತು ತೆಲುಗು. ಕೋಲಾರದ ಟೊಮೆಟೊ ಮಂಡೀಲಿ ಹಮಾಲಿ. ಒಂದರ ಮೇಲೊಂದು ಬಾಕ್ಸ್ ಹೊತ್ಕೊಂಡು ಜನದ ನಡುವೆ ಓಡೋನು. ನಮ್ಮ ಗೋಡೌನಿಗೆ ಏನೋ ಸಾಮಾನು ಇಳಿಸೋಕೆ ಬಂದೋನು, ಇವರು ಏನ್ ಮಾಡ್ತಾರೆ ನೋಡೋಣ ಅಂತ ನಿಂತ, ನಿಂತೋನು ಉಳಿದ. ಅವನ ತೋಳಲ್ಲಿ ಎಂಥ ಬಲ ಅಂತೀರಾ! ಆಳನ್ನ ಎತ್ತಿ ಹೆಗಲ ಮೇಲೆ ಕೂರಿಸ್ಕೊಂಡ್ರೆ ಮೇಲಿರೋನಿಗೆ ನೆಲದ ಮೇಲೆ ಕೂತಷ್ಟೇ ಧೈರ್ಯ. ಆದ್ರೆ ಒಂದೇ ತೊಂದರೆ. ಯಾರನ್ನ ಎತ್ತಿ ಹೆಜ್ಜೆ ಹಾಕಿದ್ರೂ ಅವನ ಬಾಯಿಂದ, "ಸೈಡ್, ಸೈಡ್! ಜರಗಂಡಿ, ಜರಗಂಡಿ!" ಅಂತ ಕೂಗು ಬಂದೇ ಬಿಡ್ತಿತ್ತು. ಮಂಡೀಲಿ ಭಾರ ಹೊತ್ತೋನು ಕೂಗಲೇಬೇಕು, ಇಲ್ಲಾಂದ್ರೆ ಯಾರಾದರೂ ಅಡ್ಡ ಬರ್ತಾರೆ.

ಮೇಡಂ ಆಗ ಮಾಡ್ತಿದ್ದಿದ್ದು ಸಂಗೀತಾನೂ ಇಲ್ಲದ, ಮಾತೂ ಇಲ್ಲದ ಒಂದು ಜೋಡಿ ನೃತ್ಯ. ಎತ್ತೋನು ವೆಂಕಟೇಶ. ಎತ್ತಿಸ್ಕೊಳ್ಳೋನು ನಾಗರಾಜ, ಮುಳಬಾಗಿಲಿನ ಹೋಟೆಲೊಂದರ ದೋಸೆ ಮಾಸ್ಟರ್ ಆಗಿದ್ದೋನು, ನಲವತ್ತು ದಾಟಿದೋನು, ಹೊಟ್ಟೆ ಸ್ವಲ್ಪ ಮುಂದೆ. ಆ ನಿಶ್ಶಬ್ದದಲ್ಲಿ ನಾಗರಾಜನ್ನ ಹೊತ್ಕೊಂಡು ವೆಂಕಟೇಶ "ಸೈಡ್, ಸೈಡ್!" ಅಂದಾಗಲೆಲ್ಲ ಮೇಡಂ ಕೈಗೆ ಸಿಕ್ಕಿದ್ದನ್ನ ಎಸೆಯೋರು. "ಯಾರಿದ್ದಾರೋ ನಿನ್ನ ಮುಂದೆ? ಇಡೀ ಹಾಲ್ ಖಾಲಿ ಇದೆಯಲ್ಲೋ!"

"ಅಲವಾಟು ಮೇಡಂ" ಅನ್ನೋನು ಅವನು. ಅಭ್ಯಾಸ ಅಂತ. ಅಂದು ಮತ್ತೆ ಎತ್ತೋನು, ಮತ್ತೆ ಕೂಗೋನು.

ಅದೇ ನೃತ್ಯ ಮುಳಬಾಗಿಲಲ್ಲಿ ಒಂದು ಸ್ಕೂಲ್ ಅಂಗಳದಲ್ಲಿ ಇಟ್ಟುಕೊಂಡೆವು. ನಮ್ಮ ಕಡೆ ಸಮಾರಂಭ ಅಂದ್ರೆ ನಿಮಗೆ ಗೊತ್ತಲ್ಲ, ಮುಖ್ಯ ಅತಿಥಿಗಳನ್ನ ಸ್ಟೇಜ್ ಮೇಲೆ ಕುರ್ಚಿ ಹಾಕಿ ಕೂರಿಸ್ತಾರೆ, ಹಾರ ಹಾಕ್ತಾರೆ, ಭಾಷಣ ಮಾಡಿಸ್ತಾರೆ. ಆಮೇಲೆ ಅವರು ಏಳೋದಿಲ್ಲ. ಅವತ್ತು ಬಂದಿದ್ದು ಊರಿನ ಹಿರಿಯರೊಬ್ಬರು, ಭಾರಿ ಆಸಾಮಿ. "ನೀವು ನಿಮ್ಮ ಕಾರ್ಯಕ್ರಮ ಶುರು ಮಾಡ್ರಮ್ಮ, ನನ್ನಿಂದೇನು ತೊಂದರೆ?" ಅಂತ ಸ್ಟೇಜಿನ ಬಲಗಡೆ ಹಾರದ ಸಮೇತ ಕೂತೇ ಇದ್ದರು. ನಾನು ಕಣ್ಣಲ್ಲಿ ಸನ್ನೆ ಮಾಡಿದೆ, ಕೆಮ್ಮಿದೆ, ಕಾಫಿ ತೋರಿಸಿ ಕರೆದೆ. ಊಹೂಂ.

ನೃತ್ಯ ಶುರುವಾಯ್ತು. ಸೂಜಿ ಬಿದ್ರೂ ಕೇಳೋ ಹಂಗೆ ಮೌನ. ವೆಂಕಟೇಶ ನಾಗರಾಜನ್ನ ಹೆಗಲಿಗೇರಿಸಿ ಬಲಗಡೆಗೆ ಓಡಿದ. "ಸೈಡ್, ಸೈಡ್!" ಅಂದ. ಅತಿಥಿಗಳು ಅಲುಗಲಿಲ್ಲ. "ಜರಗಂಡಿ ಸಾರ್!" ಅಂದ. ಅವರು ನಕ್ಕು ಕೈ ಮುಗಿದರು. ಆಗ ವೆಂಕಟೇಶ ನಾಗರಾಜನ್ನ ಮೆಲ್ಲಗೆ ಕೆಳಗಿಳಿಸಿದ. ಕುರ್ಚಿಯನ್ನ ಅತಿಥಿಗಳ ಸಮೇತ, ಹಾರದ ಸಮೇತ ಎತ್ತಿದ. ಪರದೆ ಹಿಂದೆ ತಂದು ನನ್ನ ಪಕ್ಕದಲ್ಲಿ ಜೋಪಾನವಾಗಿ ಇಟ್ಟ. ವಾಪಸ್ ಹೋಗಿ ನಾಗರಾಜನ್ನ ಎತ್ಕೊಂಡು ಎಲ್ಲಿ ಬಿಟ್ಟಿದ್ನೋ ಅಲ್ಲಿಂದ ಮುಂದುವರಿಸಿದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಸೀರೆ ಸೆರಗು ಬಾಯಿಗೆ ತುರುಕ್ಕೊಂಡೆ. ಇವತ್ತು ನಮ್ಮ ಕಥೆ ಮುಗೀತು ಅಂತ ನಾನು ಅಂದ್ಕೊಂಡ್ರೆ, ಆ ಹಿರಿಯರು ಹಾರ ಸರಿಮಾಡ್ಕೊಂಡು ನನ್ನ ಕಡೆ ವಾಲಿ, "ನನ್ನ ಪಾರ್ಟು ಮತ್ತೆ ಯಾವಾಗ ಬರ್ತದಮ್ಮ?" ಅಂತ ಕೇಳಿದರು.

ನಾಗರಾಜ ಏನು ಕಮ್ಮಿನಾ? ಮಾತಾಡಿದ್ರೆ ಬೆಣ್ಣೆ ಸವರಿದ ಹಾಗೆ, ಅಷ್ಟು ನಯ. ಹೆಂಚಿನ ಮುಂದೆ ವರ್ಷಗಟ್ಟಲೆ ನಿಂತು ಅವನ ಮಣಿಕಟ್ಟು ತಾನಾಗೇ ಸುತ್ತು ಹಾಕ್ತಿತ್ತು. ಅದು ಎಷ್ಟು ಚೆಂದ ಅಂದ್ರೆ ನೋಡ್ತಾ ನಿಂತ್ರೆ ನನಗೆ ಹಸಿವಾಗ್ತಿತ್ತು. ಶ್ರೀನಿವಾಸಪುರದಲ್ಲಿ ಮಾವಿನ ಕಾಲದಲ್ಲಿ ಒಂದು ಪ್ರದರ್ಶನ ಇತ್ತು. ಅದರಲ್ಲಿ ನಾಗರಾಜ ಒಬ್ಬನೇ ಮೊದಲು ಬಂದು ನರ್ತಿಸಬೇಕು, ಅವನ ಹಿಂದೆಯೇ ವೆಂಕಟೇಶ ಓಡಿ ಬರಬೇಕು. ಪರದೆ ಏಳೋಕೆ ಮುಂಚೆ ನಾಗರಾಜನ ಕೈಯಲ್ಲಿ ನೀರಿನ ಬಾಟಲಿ ಇತ್ತು. ಬಾಯಾರಿಕೆ ಇರಬೇಕು ಅಂತ ನಾನು ಸುಮ್ಮನಿದ್ದೆ. ದೋಸೆ ಹುಯ್ಯೋಕೆ ಮುಂಚೆ ಹೆಂಚಿಗೆ ನೀರು ಚಿಮುಕಿಸ್ತಾರಲ್ಲ, ಹಂಗೆ ಅವನು ಸ್ಟೇಜಿನ ಮೇಲೆ ಮೂರು ಸಲ ನೀರು ಎರಚಿ, ತೃಪ್ತಿಯಾಗಿ ತನ್ನ ನೃತ್ಯ ಮಾಡಿ ಹೋದ. ಭಯಕ್ಕೆ ಕೈ ತಾನಾಗೇ ಹೋಯ್ತಂತೆ.

ವೆಂಕಟೇಶ ಓಡಿ ಬಂದ. ಕಾಲು ಜಾರ್ತು. ಕೂತ. ಕೂತೋನು ನಿಲ್ಲಲಿಲ್ಲ, ಆ ಪಕ್ಕದಿಂದ ಈ ಪಕ್ಕದವರೆಗೂ ಕೂತ ಭಂಗೀಲೇ ಜಾರ್ತಾ, "ಸೈಡ್, ಸೈಡ್, ಸೈಡ್!" ಅಂತ ಕೂಗ್ತಾ ಪರದೆ ಒಳಗೆ ಹೊರಟೇಹೋದ. ಮಾವಿನ ತೋಟದ ರೈತರೆಲ್ಲ ಬಿದ್ದೂ ಬಿದ್ದೂ ನಕ್ಕು, ಒನ್ಸ್ ಮೋರ್ ಕೂಗಿದರು. ಮೇಡಂ ಕಣ್ಣು ಕೆಂಪಗೆ ಮಾಡ್ಕೊಂಡು ಒಳಗೆ ಬಂದರು. ನಾಗರಾಜ ಮೂಲೆ ಹುಡುಕ್ಕೊಂಡ. ಅವರು ಅವನ ಕಡೆ ನೋಡಲೂ ಇಲ್ಲ. ಸೊಂಟ ಉಜ್ಜಿಕೊಳ್ತಿದ್ದ ವೆಂಕಟೇಶನ ಮುಂದೆ ಬಗ್ಗಿ, "ಇದನ್ನ ನಾಳೆನೂ ಮಾಡ್ತೀಯೇನೋ?" ಅಂದರು.

ಅವರ ಪದ್ಧತಿ ಬದಲಾಗಿದ್ದು ಅದಾದ ಕೆಲವೇ ದಿನಕ್ಕೆ. ಟೀ ಹೊತ್ತು. ಹಾಲಲ್ಲಿ ನಾಗರಾಜ ವೆಂಕಟೇಶನಿಗೆ ದೋಸೆ ಹುಯ್ಯೋದು ಹೇಳಿಕೊಡ್ತಿದ್ದ, ವೆಂಕಟೇಶ ನಾಗರಾಜನಿಗೆ ಬಾಕ್ಸ್ ಹೊರೋದು ಕಲಿಸ್ತಿದ್ದ. ಹೆಂಚೂ ಇಲ್ಲ, ಬಾಕ್ಸೂ ಇಲ್ಲ, ಬರೀ ಗಾಳಿ. "ಅಯ್ಯೋ ದಡ್ಡ, ಹಂಗೆ ತಿರುವಿದ್ರೆ ತೂತು ಬೀಳ್ತದೆ ಕಣೋ!" "ನೀನು ಸೊಂಟ ಕೊಡಪ್ಪ ಮೊದ್ಲು, ಬರೀ ಕೈಯಲ್ಲಿ ಎತ್ತಿದ್ರೆ ಸತ್ತೋಗ್ತೀಯ!" ಬಾಗಿಲಲ್ಲಿ ಟೀ ಲೋಟ ಹಿಡ್ಕೊಂಡು ನಿಂತಿದ್ದ ಮೇಡಂ ಟೀ ಕುಡಿಯೋದನ್ನೇ ಮರೆತರು. ಆಮೇಲೆ ನನ್ನ ಕಡೆ ತಿರುಗಿ, "ಮಿಸ್ಸೇ, ನಾನು ಎಂಥ ಪೆದ್ದಿ" ಅಂದರು. ನಾನು ಅಲ್ಲ ಅನ್ನಲಿಲ್ಲ. ಅವತ್ತಿಂದ ಒರೆಸೋ ಕೆಲಸ ನಿಂತಿತು. ಪ್ರತಿಯೊಬ್ಬರೂ ತಮ್ಮ ಕೆಲಸದ ಚಲನೆಯನ್ನ ಹಾಲೊಳಗೆ ತರಬೇಕು, ಇನ್ನೊಬ್ಬರಿಗೆ ಕಲಿಸಬೇಕು, ಇನ್ನೊಬ್ಬರದನ್ನ ಕಲೀಬೇಕು. ನೃತ್ಯ ಅದರಿಂದ ಹುಟ್ಟಬೇಕು. ಅದೇ ಹೊಸ ಪದ್ಧತಿ. ನನಗೂ ಸೀಟಿ ಊದೋ ಒಂದು ಪಾರ್ಟ್ ಸಿಕ್ತು.

ಪದ್ಮ ಬಂದಿದ್ದು ಆಗ. ಮಾಲೂರು ತಾಲೂಕು ಲಕ್ಕೂರಿನ ಹುಡುಗಿ, ನರಸಾಪುರದ ಒಂದು ಫ್ಯಾಕ್ಟರೀಲಿ ಲೈನ್ ಕೆಲಸ. ಬೆಲ್ಟಿನ ಮೇಲೆ ಸಣ್ಣ ಸಣ್ಣ ಬೋರ್ಡುಗಳು ಬರ್ತವೆ, ಒಂದೊಂದಕ್ಕೂ ಸ್ಕ್ರೂ ಕೂರಿಸಿ ಮುಂದಕ್ಕೆ ಕಳಿಸಬೇಕು. ಸಣ್ಣ ಆಳು, ಎಣ್ಣೆ ಹಚ್ಚಿ ಬಿಗಿಯಾಗಿ ಹಾಕಿದ ಜಡೆ. ಅವಳಿಗೂ ಮೇಡಂ ಅದೇ ಪ್ರಶ್ನೆ ಕೇಳಿದರು. ದಿನವೆಲ್ಲ ಮೈ ಏನು ಮಾಡ್ತಿತ್ತು?

"ನಿಂತಿರ್ತಿತ್ತು ಮೇಡಂ" ಅಂದಳು ಪದ್ಮ.

"ಇಲ್ಲಿಗೆ ಯಾಕೆ ಬಂದೆ?"

"ಓಡಬೇಕು ಅನಿಸ್ತದೆ ಮೇಡಂ. ಬಸ್ ಹಿಡಿಯೋಕಲ್ಲ, ಸುಮ್ನೆ."

ಆ ಮಾತಿಗೆ ನನಗೆ ಅವಳ ಮೇಲೆ ಪ್ರೀತಿ ಉಕ್ಕಿ ಬಂತು, ಸುಳ್ಳು ಯಾಕೆ ಹೇಳ್ಲಿ. ಮೇಡಂಗೂ ಬಂದಿರಬೇಕು. ಅವಳು ಫ್ಯಾಕ್ಟರೀಲಿ ಸಂಬಳವಿಲ್ಲದ ರಜೆ ಹಾಕಿ ಬಂದಿದ್ದಳು. ರಜೆ ಮುಗಿಯೋದರೊಳಗೆ ನಮ್ಮಲ್ಲಿ ಖಾಯಂ ಆದ್ರೆ ಆಯ್ತು, ಇಲ್ಲಾಂದ್ರೆ ಮತ್ತೆ ಕಂಪನಿ ಬಸ್ಸು, ಮತ್ತೆ ಅದೇ ಬೆಲ್ಟು. ಎರಡನೇ ಸಲ ರಜೆ ಕೊಡೋದಿಲ್ಲ ಅಂತ ಅವಳ ಸೂಪರ್‌ವೈಸರ್ ಖಡಾಖಂಡಿತ ಹೇಳಿದ್ದನಂತೆ.

ಅವಳ ಕೈ ನೋಡಬೇಕಿತ್ತು ನೀವು! ಎತ್ತೋದು, ಕೂರಿಸೋದು, ತಿರುವೋದು, ತಳ್ಳೋದು. ಒಂದು ಸಲ ಶುರು ಮಾಡಿದ್ರೆ ನೀರು ಹರಿದ ಹಾಗೆ. ವೆಂಕಟೇಶ, ನಾಗರಾಜ, ಇನ್ನಿಬ್ಬರು ಫ್ಯಾಕ್ಟರಿಯಿಂದ ಬಂದ ಹುಡುಗರು, ಎಲ್ಲರೂ ಅವಳ ಹಿಂದೆ ಸಾಲಾಗಿ ನಿಂತು ಅದನ್ನ ಕಲಿತರು. ಮೇಡಂ ಅದರ ಸುತ್ತಲೇ ಹೊಸ ನೃತ್ಯ ಕಟ್ಟಿದರು. ಹೆಸರು 'ಪಾಳಿ'. ಎಲ್ಲರೂ ಸಾಲಲ್ಲಿ ನಿಂತು ದುಡೀತಿರ್ತಾರೆ. ಸೈರನ್ ಕೂಗ್ತದೆ. ಸಾಲು ಒಡೀತದೆ. ಪದ್ಮ ಒಬ್ಬಳೇ ತನ್ನ ಜಾಗ ಬಿಟ್ಟು ಇಡೀ ಸ್ಟೇಜ್ ತುಂಬ ಓಡ್ತಾಳೆ, ಎರಡೂ ತೋಳು ಬಿಚ್ಚಿ. ಉಳಿದೋರು ನಿಂತು ನೋಡ್ತಾರೆ. ಅಲ್ಲಿಗೆ ನೃತ್ಯ ಮುಗೀತದೆ. ಓಡಬೇಕು ಅಂತ ಬಂದ ಹುಡುಗಿಗೆ ಓಡೋ ಪಾರ್ಟು. ಇನ್ನೇನು ಬೇಕು?

ಓಡಲಿಲ್ಲ ಕಣ್ರೀ. ರಿಹರ್ಸಲ್‌ನಲ್ಲಿ ಸೈರನ್ ಬದಲು ನಾನು ಸೀಟಿ ಊದ್ತಿದ್ದೆ. ಸೀಟಿ ಊದಿದ್ರೆ ಪದ್ಮ ಎರಡು ಹೆಜ್ಜೆ ಇಡ್ತಾಳೆ, ನಿಲ್ತಾಳೆ, ಹಿಂದಕ್ಕೆ ತಿರುಗಿ ತಾನು ನಿಂತಿದ್ದ ಜಾಗ ನೋಡ್ತಾಳೆ, ವಾಪಸ್ ಬಂದು ಅಲ್ಲೇ ನಿಂತು ಮತ್ತೆ ಸ್ಕ್ರೂ ಕೂರಿಸ್ತಾಳೆ. ದಿನಾ ಇದೇ. ಗದರಿದೆ. ಮುದ್ದು ಮಾಡಿದೆ. ನಾಗರಾಜ ಮನೆಯಿಂದ ದೋಸೆ ತಂದು ಸ್ಟೇಜಿನ ಆ ತುದೀಲಿ ಇಟ್ಟು, "ಓಡಿ ಬಾಮ್ಮ, ಬಿಸಿ ಇದೆ, ಬೆಣ್ಣೆ ಕರಗ್ತಾ ಇದೆ" ಅಂತ ಆಸೆ ತೋರಿಸಿದ. ದೋಸೆ ವೆಂಕಟೇಶ ತಿಂದ.

"ಯಾಕಮ್ಮಾ?" ಅಂದ್ರೆ, "ಗೊತ್ತಿಲ್ಲ ಮಿಸ್ಸೇ. ಹೋಗ್ಬೇಕು ಅಂತ ಆಸೆ ಇದೆ. ಕಾಲು ಹೋಗಲ್ಲ ಅಂತದೆ" ಅಂತ ಕಣ್ಣಲ್ಲಿ ನೀರು ತಂದ್ಕೊಳ್ಳೋಳು.

ಮೇಡಂ ತಾಳ್ಮೆ ತಪ್ಪಿತು. ಅವರು ಕೆಟ್ಟೋರಲ್ಲ, ಆದ್ರೆ ಕೆಲಸದ ವಿಷಯಕ್ಕೆ ಬಂದ್ರೆ ಕಲ್ಲು. "ನೋಡಮ್ಮ, ಶನಿವಾರ ನರಸಾಪುರದಲ್ಲಿ ಶೋ. ಅವತ್ತು ಓಡಿದ್ರೆ ನೀನು ನಮ್ಮೋಳು. ಓಡದಿದ್ರೆ ಸೋಮವಾರ ಫ್ಯಾಕ್ಟರಿಗೆ ಹೋಗು. ನಿಂತಿರೋಕೆ ಅಲ್ಲಾದ್ರೂ ಜಾಸ್ತಿ ಸಂಬಳ ಕೊಡ್ತಾರೆ." ಪದ್ಮ ಹೋಗಿ ಮತ್ತೆ ತನ್ನ ಜಾಗದಲ್ಲಿ ನಿಂತಳು. ನಾನು ಮೇಡಂ ಜೊತೆ ಜಗಳ ಆಡಿದೆ, ಅವರು ನನ್ನ ಜೊತೆ ಆಡಿದರು, ಇಬ್ಬರೂ ಎರಡು ದಿನ ಮಾತು ಬಿಟ್ಟೆವು.

ಶನಿವಾರ ಬಂತು. ನರಸಾಪುರದಲ್ಲಿ ಒಂದು ಕಲ್ಯಾಣಮಂಟಪ. ಮಧ್ಯಾಹ್ನ, ಮೊದಲ ಪಾಳಿ ಬಿಟ್ಟ ಹೊತ್ತು. ಫ್ಯಾಕ್ಟರಿ ಹೆಣ್ಮಕ್ಕಳು, ಗಂಡುಮಕ್ಕಳು ಕುತ್ತಿಗೇಲಿ ಕಾರ್ಡ್ ನೇತಾಡಿಸ್ಕೊಂಡು, ಊಟದ ಬ್ಯಾಗ್ ತಗಲಿಸ್ಕೊಂಡು ಬಂದು ಹಾಲ್ ತುಂಬಿದರು. ನೋಡ್ಕೊಂಡು ಅಲ್ಲಿಂದಲೇ ಮನೆಗೆ ಹೋಗಲಿ ಅಂತ ಕಂಪನಿ ಬಸ್ಸುಗಳನ್ನೂ ಮಂಟಪದ ಮುಂದೆಯೇ ನಿಲ್ಲಿಸಿದ್ದರು.

ನಮಗೆ ಸಂಗೀತ ಮಾಡ್ತಿದ್ದೋನು ಕಿರಣ ಅಂತ, ಬೆಂಗಳೂರಿನ ಹುಡುಗ, ಬಲು ಹುಷಾರಿ. ಸೈರನ್ ಸದ್ದು ನಿಜದ್ದೇ ಇರಬೇಕು ಅಂತ ಯಾವುದೋ ಫ್ಯಾಕ್ಟರಿ ಗೇಟಿನ ಹೊರಗೆ ನಿಂತು ರೆಕಾರ್ಡ್ ಮಾಡ್ಕೊಂಡು ಅವತ್ತು ಬೆಳಿಗ್ಗೆ ತಾನೇ ತಂದಿದ್ದ. "ಮಿಸ್, ಜನಕ್ಕೆ ಝುಮ್ ಅನ್ನುತ್ತೆ ನೋಡ್ತಿರಿ" ಅಂದ.

ಪಾಳಿ ಶುರುವಾಯ್ತು. ಐದು ಜನ ಸಾಲಲ್ಲಿ, ಹತ್ತು ಕೈ ಒಂದೇ ಥರ. ನೋಡೋಕೆ ಬಂದಿದ್ದ ಫ್ಯಾಕ್ಟರಿ ಹೆಣ್ಮಕ್ಕಳು ಮುಂದಿನ ಸಾಲಲ್ಲಿ ಒಬ್ಬರನ್ನೊಬ್ಬರು ತಿವಿದು, "ಲೇ, ನಮ್ ಲೈನು ಕಣೇ!" ಅಂತ ಪಿಸುಗುಟ್ಟಿದ್ದು ನನಗೆ ಕೇಳಿಸ್ತು. ಎಲ್ಲ ಚೆನ್ನಾಗೇ ನಡೀತಿತ್ತು. ಆಮೇಲೆ ಕಿರಣ ಸೈರನ್ ಬಿಟ್ಟ.

ಅಬ್ಬಬ್ಬಾ! ಮಂಟಪದ ಗೋಡೆ ಅದುರಿತು. ಸೈರನ್ ಕೂಗಿದ್ದೇ ತಡ, ಸಾಲಲ್ಲಿದ್ದ ಆ ಇಬ್ಬರು ಫ್ಯಾಕ್ಟರಿ ಹುಡುಗರು ಕೈ ಕೆಳಗಿಟ್ಟು, ಬೆನ್ನು ತಿರುಗಿಸಿ, ಸ್ಟೇಜಿನಿಂದ ನಡೆದು ಹೊರಟೇಹೋದರು. ಒಬ್ಬ ನನ್ನ ಮುಂದೇನೇ ಚಪ್ಪಲಿ ಮೆಟ್ಟಿಕೊಂಡ. ಹಿಡಿದು ನಿಲ್ಲಿಸಿ, "ಎಲ್ಲಿಗೋ?" ಅಂದೆ. ಅವನು ಎಚ್ಚರಾದೋನ ಥರ ನನ್ನ ಮುಖ ನೋಡಿದ. ಅತ್ತ ಹಾಲಲ್ಲಿ ನೋಡಿದ್ರೆ ಜನ! ಅಷ್ಟೂ ಜನ ಎದ್ದು ನಿಂತಿದ್ದಾರೆ. ಬ್ಯಾಗ್ ಹೆಗಲಿಗೆ ಹಾಕ್ಕೊಂಡಿದ್ದಾರೆ. ಅರ್ಧ ಜನ ಆಗಲೇ ಬಾಗಿಲ ಹತ್ರ ಸಾಲು ಕಟ್ಟಿದ್ದಾರೆ, ಗಂಡಸರದೊಂದು, ಹೆಂಗಸರದೊಂದು, ಫ್ಯಾಕ್ಟರಿ ಗೇಟಲ್ಲಿ ತಪಾಸಣೆಗೆ ನಿಂತ ಹಂಗೆ ಬ್ಯಾಗ್ ಬಾಯಿ ತೆರೆದು ತೋರಿಸೋಕೆ ತಯಾರಾಗಿ. ಹೊರಗೆ ಬಸ್ಸಿನ ಡ್ರೈವರುಗಳೂ ಸೈರನ್ ಕೇಳಿ ಇಂಜಿನ್ ಸ್ಟಾರ್ಟ್ ಮಾಡಿದರು. ಕಿರಣ ಬಾಯಿ ಬಿಟ್ಕೊಂಡು ನಿಂತ. ವೆಂಕಟೇಶ, ನಾಗರಾಜ ಫ್ಯಾಕ್ಟರಿ ಕಂಡೋರಲ್ಲ, ಏನ್ ಮಾಡಬೇಕೋ ತಿಳೀದೆ ಕೈ ಆಡಿಸೋದು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡ್ಕೊಂಡರು. ಮೇಡಂ ತಲೆ ಮೇಲೆ ಕೈ ಹೊತ್ತು ನನ್ನ ಕಾಲ ಹತ್ರ ನೆಲದ ಮೇಲೇ ಕೂತುಬಿಟ್ಟರು. ನನಗೆ ನಗು ತಡೆಯೋಕಾಗ್ತಿಲ್ಲ, ಅಳೂ ತಡೆಯೋಕಾಗ್ತಿಲ್ಲ.

ಯಾಕೆಂದ್ರೆ ಪದ್ಮ ಅಲ್ಲೇ ಇದ್ದಳು. ಓಡಲಿಲ್ಲ. ತನ್ನ ಜಾಗದಲ್ಲೇ ನಿಂತು ಸ್ಕ್ರೂ ಕೂರಿಸ್ತಾ ಇದ್ದಳು. ಮುಗೀತು, ಸೋಮವಾರ ಈ ಹುಡುಗಿ ವಾಪಸ್ ಬೆಲ್ಟಿನ ಮುಂದೆ ಅಂತ ಅಂದ್ಕೊಂಡೆ.

ಆಗ ಅವಳು ಬಲಗೈಯಲ್ಲಿ ಕೆಲಸ ಮಾಡ್ತಾನೇ ಎಡಗೈ ಮೇಲೆತ್ತಿದಳು. ಸ್ಕೂಲಲ್ಲಿ ಮಕ್ಕಳು ಕೈ ಎತ್ತಿದ ಹಾಗೆ. ಎತ್ತಿ, ಹಾಲಿನ ಕಡೆ ನೋಡಿದಳು. ಅಲ್ಲಿವರೆಗೂ ಅವಳು ಸ್ಟೇಜಿನಿಂದ ಜನದ ಕಡೆ ಒಂದು ಸಲಾನೂ ನೋಡಿದೋಳಲ್ಲ. ನನಗೆ ಅದೇನು ಅಂತ ಅರ್ಥವಾಗಲಿಲ್ಲ. ಮೇಡಂಗೂ ಆಗಲಿಲ್ಲ. ಆದ್ರೆ ಬಾಗಿಲ ಹತ್ರ ಸಾಲಲ್ಲಿದ್ದ ಹೆಂಗಸರಿಗೆ ಅರ್ಥವಾಯ್ತು. ಒಬ್ಬರಾದ ಮೇಲೆ ಒಬ್ಬರು ನಿಂತ ಕಡೆಯಿಂದ ಹಿಂದಕ್ಕೆ ತಿರುಗಿದರು. "ಪಾಪ, ಆ ಹುಡುಗೀನ ಬಿಡಿಸೋಕೆ ಯಾರೂ ಬಂದಿಲ್ಲ ಕಣ್ರೇ" ಅಂದಳು ಒಬ್ಬಳು.

ಲೈನ್ ಕೆಲಸದ ಕಟ್ಟುಪಾಡು ಅದು. ಬೆಲ್ಟು ಯಾರಿಗೂ ಕಾಯೋದಿಲ್ಲ. ಸೈರನ್ ಆಗಲಿ, ಹೊಟ್ಟೆನೋವಾಗಲಿ, ಬಾತ್‌ರೂಮಿಗಾಗಲಿ, ಕೈ ಎತ್ತಿ ನಿಲ್ಲಬೇಕು. ಇನ್ನೊಬ್ಬರು ಬಂದು ನಿಮ್ಮ ಜಾಗದಲ್ಲಿ ಕೈ ಇಟ್ಟ ಮೇಲೇ ನಿಮ್ಮ ಕೈ ತೆಗೀಬೇಕು. ಆ ಇಬ್ಬರು ಹುಡುಗರು ದುಡಿದಿದ್ದು ಪ್ಯಾಕಿಂಗ್‌ನಲ್ಲಿ, ಅವರಿಗೆ ಸೈರನ್ ಅಂದ್ರೆ ರಜಾ. ಪದ್ಮಂಗೆ ಹಂಗಲ್ಲ. ಅವಳ ಕಾಲು ಯಾಕೆ ಹೋಗಲ್ಲ ಅಂತಿತ್ತು ಅಂತ ನನಗೆ ಅವಾಗ ಹೊಳೀತು.

ಜನದ ಮಧ್ಯದಿಂದ ಒಬ್ಬ ಹೆಂಗಸು ಮುಂದೆ ಬಂದಳು. ಐವತ್ತರ ಹತ್ತಿರದೋಳು, ದಪ್ಪಗೆ, ಕೈಯಲ್ಲಿ ಊಟದ ಬ್ಯಾಗು. ಸ್ಟೇಜಿನ ಮೆಟ್ಟಿಲ ಹತ್ರ ಚಪ್ಪಲಿ ಬಿಟ್ಟಳು, ಬ್ಯಾಗನ್ನ ನನ್ನ ಕೈಗೆ ಕೊಟ್ಟಳು, ಯಾರನ್ನೂ ಕೇಳದೆ ಹತ್ತಿ ಹೋಗಿ ಪದ್ಮನ ಭುಜಕ್ಕೆ ಭುಜ ತಾಗಿಸಿ ನಿಂತಳು. ಒಂದು ಕ್ಷಣ ಪದ್ಮನ ಕೈ ನೋಡಿದಳು. ಆಮೇಲೆ ತನ್ನ ಕೈ ಇಟ್ಟಳು. ಎತ್ತೋದು, ಕೂರಿಸೋದು, ತಿರುವೋದು, ತಳ್ಳೋದು. ತಪ್ಪಲೇ ಇಲ್ಲ. ಸೊಂಟದಲ್ಲಿ ಪದ್ಮನ್ನ ಮೆಲ್ಲಗೆ ಆಚೆ ನೂಕಿ, ಇಡೀ ಹಾಲಿಗೆ ಕೇಳೋ ಹಂಗೆ, "ಪೋಮ್ಮಾ, ನೇನು ಚೂಸ್ಕುಂಟಾ" ಅಂದಳು. ಹೋಗಮ್ಮ, ನಾನು ನೋಡ್ಕೋತೀನಿ ಅಂತ.

ಪದ್ಮ ಓಡಿದಳು.

ಅಯ್ಯೋ, ಹೆಂಗೆ ಹೇಳ್ಲಿ! ಎರಡೂ ತೋಳು ಬಿಚ್ಚಿ ಓಡಿದಳು. ಜಡೆ ಬಿಚ್ಚಿಹೋಯ್ತು. ಸ್ಟೇಜಿನ ಆ ತುದಿಗೆ ಹೋದಳು, ಈ ತುದಿಗೆ ಬಂದಳು, ನಾವು ಕಲಿಸಿದ್ದೂ ಮಾಡಿದಳು, ಕಲಿಸದೇ ಇದ್ದಿದ್ದೂ ಮಾಡಿದಳು, ನೆಗೆದಳು, ಉರುಳಿದಳು, ಮತ್ತೆ ಎದ್ದು ಓಡಿದಳು. ಕಿರಣನಿಗೆ ಜ್ಞಾನೋದಯವಾಗಿ ಸಂಗೀತ ಹಾಕಿದ. ಬಾಗಿಲಿಗೆ ಹೋಗಿದ್ದ ಜನವೆಲ್ಲ ವಾಪಸ್ ನುಗ್ಗಿ ಬಂದು ಕುರ್ಚಿ ಮೇಲೆ ಹತ್ತಿ ಸೀಟಿ ಹೊಡೆದರು. ನಾನೂ ನನ್ನ ಸೀಟಿ ತೆಗೆದು ಊದಿದೆ, ಅವತ್ತು ಅಲ್ಲಿ ನನ್ನ ಪಾರ್ಟ್ ಇಲ್ಲದಿದ್ರೂ. ಇನ್ನೊಬ್ಬ ಹೆಂಗಸು ಹತ್ತಿ ಬಂದು ಆ ದಪ್ಪನೆಯ ಹೆಂಗಸನ್ನ ಬಿಡಿಸಿದಳು. ಅವಳು ಸುಮ್ಮನೆ ಹೋದಳಾ? ಸೆರಗು ಸಿಕ್ಕಿಸ್ಕೊಂಡು ಪದ್ಮನ ಹಿಂದೆ ಓಡಿದಳು! ಅವಳನ್ನ ಬಿಡಿಸಿದೋಳನ್ನ ಮತ್ತೊಬ್ಬಳು ಬಿಡಿಸಿದಳು. ಸ್ಟೇಜ್ ತುಂಬ ಓಡೋ ಹೆಂಗಸರು, ಕುತ್ತಿಗೇಲಿ ಹಾರಾಡೋ ಕಾರ್ಡುಗಳು. ವೆಂಕಟೇಶ ಅವರ ನಡುವೆ ನಾಗರಾಜನ್ನ ಹೊತ್ಕೊಂಡು ಸುತ್ತಿದ್ದೇ ಸುತ್ತಿದ್ದು. ಡ್ರೈವರುಗಳು ಇಂಜಿನ್ ಆರಿಸಿ ಒಳಗೆ ಬಂದು ಕಿಟಕಿ ಹತ್ರ ನಿಂತರು. ಮೇಡಂ ನೆಲದ ಮೇಲೆ ಕೂತಲ್ಲೇ ನನ್ನ ಕಾಲು ತಬ್ಬಿಕೊಂಡು ನಗ್ತಿದ್ದಾರೋ ಅಳ್ತಿದ್ದಾರೋ ತಿಳೀಲಿಲ್ಲ. ಮಾತು ಬಿಟ್ಟಿದ್ದೀವಿ ಅನ್ನೋದು ಇಬ್ಬರಿಗೂ ಮರೆತುಹೋಗಿತ್ತು.

ಎಲ್ಲ ಮುಗಿದು ಜನ ಬಸ್ ಹತ್ತಿದ ಮೇಲೆ ಮೇಡಂ ಪದ್ಮನ ಹತ್ರ ಹೋದರು. ಅವಳು ಪರದೆ ಹಿಂದೆ ಒಂದು ಟ್ರಂಕ್ ಮೇಲೆ ಕೂತು ಏದುಸಿರು ಬಿಡ್ತಿದ್ದಳು.

"ಇಷ್ಟು ದಿನ ಗೋಗರೆದ್ರೂ ಓಡದೋಳು, ಇವತ್ತು ಆ ಯಮ್ಮ ಒಂದು ಮಾತು ಹೇಳಿದ್ದಕ್ಕೆ ಓಡಿದೆಯಲ್ಲೇ" ಅಂದರು ಮೇಡಂ.

"ಹೌದು ಮೇಡಂ." ಪದ್ಮ ಮುಖ ಒರೆಸ್ಕೊಂಡಳು. "ಅಲ್ಲಿ ನಾವೇ ಕೈ ಎತ್ತಿ ಎತ್ತಿ ಸಾಕಾಗಿರ್ತದೆ. ಬಂದೋರೂ ಗೊಣಗ್ತಾ, ಬೇಗ ಬಾ, ಬೇಗ ಬಾ ಅಂತಾರೆ. ಹೋಗಮ್ಮ ಅಂತ ಯಾರೂ ಅಂದಿರಲಿಲ್ಲ. ವಾಪಸ್ ಬಾ ಅಂತ ಹೇಳಲೇ ಇಲ್ಲ ಮೇಡಂ ಆ ಯಮ್ಮ." ಅಷ್ಟು ಹೇಳಿ ಅತ್ತಳು, ಅಳ್ತಾನೇ ನಗೋಕೆ ಶುರು ಮಾಡಿದಳು.

ಮೇಡಂ ಅವಳ ಬಿಚ್ಚಿಹೋದ ಕೂದಲನ್ನ ಎರಡೂ ಕೈಯಲ್ಲಿ ಒಟ್ಟುಮಾಡಿ ಗಂಟು ಹಾಕಿದರು. "ಇನ್ನು ನೀನು ಇಲ್ಲಿಯೋಳು" ಅಂದರು. ಅಷ್ಟೇ ಅಂದಿದ್ದು, ಮುಖ ತಿರುಗಿಸ್ಕೊಂಡು ಬೇಗ ಹೊರಟುಹೋದರು. ಬೈಯೋಕಾದ್ರೆ ಒಂದು ಗಂಟೆ ನಿಲ್ಲೋರು, ಇಂಥದ್ದಕ್ಕೆ ಮಾತ್ರ ನಿಲ್ಲೋಕಾಗ್ತಿರಲಿಲ್ಲ ಅವರಿಗೆ.

ಪದ್ಮ ನನ್ನ ಫೋನ್ ಇಸ್ಕೊಂಡು ಲಕ್ಕೂರಿಗೆ ಮಾಡಿದಳು. ಅವಳಮ್ಮ ಎತ್ತಿದ ತಕ್ಷಣ ಪದ್ಮ ಅಳ್ತಾ ನಗ್ತಾ ಏನೇನೋ ಹೇಳೋಕೆ ಹೋದಳು. ಆ ಕಡೆಯಿಂದ, "ಏನಾಯ್ತೇ? ಯಾಕೇ?" ಅಂತ ಗಾಬರಿ. ಪದ್ಮ ಒಂದು ಸಲ ಉಸಿರು ಎಳ್ಕೊಂಡು, ನಕ್ಕು, ಹೇಳಿದಳು.

"ಅಮ್ಮಾ, ಸೋಮವಾರ ನನ್ನ ಬಸ್ಸಿಗೆ ಎಬ್ಬಿಸಬೇಡ."